ಎಪ್‌ವರ್ತಿನ ಪಾದ್ರಿಮನೆ

ಇಂಗ್ಲೆಂಡು ದೇಶದ ಲಿಂಕನ್‌ಷೈರ್ ಸೀಮೆಯ ಎಪ್‌ವರ್ತ್ ಎಂಬ ಊರಿನಲ್ಲಿ ಪಾದ್ರಿಗಳು ವಾಸಿಸುತ್ತಿದ್ದ ಒಂದು ಹಳೆಯ ಮನೆಯು ಇಂದಿಗೂ ನಿಂತಿದೆ. ಪ್ರಿಯ ವಾಚಕರೇ, ಅದು ಇಟ್ಟಿಗೆಯ ಮನೆಯಾದದ್ದು ಹೇಗೆಂಬದನ್ನು ಕೇಳಿರಿ.

1607ರ ದಾಖಲೆಯ ಪ್ರಕಾರ ಅಲ್ಲಿದ್ದ ಮೊದಲಿನ ಮನೆಯು ಐದು ಅಂಕಣಗಳದ್ದು. ನಮ್ಮ ಹಳ್ಳಿಗಳಲ್ಲಿ ಎಣಿಸುವಂತೆಯೇ ಅವರೂ ಎಣಿಸಿದರು. ಮರದ ಚೌಕಟ್ಟು, ಗಿಲಾವಿನ ಗೋಡೆ, ಮೇಲೆ ಹುಲ್ಲಿನ ಮಾಡು. ಇಂಥ ಮನೆಗೆ ಒಂದು ಕಿಡಿಯೇ ಸಾಕಷ್ಟೆ. 1709ನೆಯ ಫೆಬ್ರವರಿ 9ರ ರಾತ್ರಿ ಅದಕ್ಕೆ ಬೆಂಕಿ ಹತ್ತಿತು. ಪಾದ್ರಿ ಸ್ಯಾಮ್ಯುಯೆಲ್ ವೆಸ್ಲಿಯವರ ಮನೆಯವರೆಲ್ಲರೂ ಹೊರಬಿದ್ದರು. ಐದು ವರುಷದ ಜಾನನು ಮಾತ್ರ ಮೇಲಂತಸ್ತಿನಲ್ಲಿ ಉಳಿದನು. ತಂದೆಯು ಏರಹೋದರೆ ಉರಿಯುವ ಮೆಟ್ಟಿಲುಗಳು ಅವರ ಭಾರವನ್ನು ತಾಳಲಿಲ್ಲ. ಹುಡುಗನು ಕಿಟಕಿಯ ಬಳಿಯಿದ್ದ ಪೆಟ್ಟಿಗೆಯನ್ನು ಹತ್ತಿ ನಿಂತನು. ಏಣಿ ತರಲು ಸಮಯವಿಲ್ಲದ್ದರಿಂದ ಒಬ್ಬನ ಹೆಗಲ ಮೇಲೆ ಮತ್ತೊಬ್ಬನು ನಿಂತು ಅವನನ್ನು ಎಳೆದುಕೊಂಡನು. ಆ ಕ್ಷಣವೇ ಮಾಡು ಕುಸಿಯಿತು. ಒಳಮುಖವಾಗಿ ಬಿದ್ದದ್ದರಿಂದ ಅವರೆಲ್ಲರೂ ಬದುಕಿದರು. ಮೆಥಡಿಸ್ಟ್ ಸಭೆಗಳ ಮೂಲಪುರುಷನಾದ ಜಾನ್ ವೆಸ್ಲಿಯು ಆ ಹುಡುಗನೇ.

ಹೊಸ ಮನೆಯು ಇಟ್ಟಿಗೆಯಿಂದ ಕಟ್ಟಲ್ಪಟ್ಟಿತು, ಹುಲ್ಲನ್ನು ಕೈಬಿಟ್ಟರು. ವೆಚ್ಚವು ಸುಮಾರು 400 ಪೌಂಡು. 1705ರಲ್ಲಿ ಸಾಲಕ್ಕಾಗಿ ಸೆರೆಮನೆಯನ್ನು ಕಂಡಿದ್ದ ಪಾದ್ರಿಗೆ ಇದೇನು ಹಗುರವಾದ ಹೊರೆಯೇ? ಆದರೂ ಮನೆಯು ವಿಶಾಲವಾಯಿತು. 1711-12ರ ಚಳಿಗಾಲದಲ್ಲಿ ಅವರು ಲಂಡನ್ನಿಗೆ ಹೋಗಿದ್ದಾಗ ಪತ್ನಿಯಾದ ಸುಸನ್ನಾ ಅಮ್ಮನವರು ಭಾನುವಾರದ ಸಂಜೆ ಮಕ್ಕಳಿಗೂ ಆಳುಗಳಿಗೂ ಪ್ರಸಂಗಗಳನ್ನು ಓದಿ ಹೇಳುತ್ತಿದ್ದರು. ಅಡಿಗೆಮನೆಯಲ್ಲಿ ಎಂದು ಹೇಳಿಕೆ. ನೆರೆಯವರೂ ಕೂಡಿಕೊಂಡರು. ಒಂದು ಭಾನುವಾರ 200ಕ್ಕಿಂತ ಹೆಚ್ಚು ಜನರು ಬಂದರೆಂದೂ, ನಿಲ್ಲಲು ಸ್ಥಳವಿಲ್ಲದೆ ಅನೇಕರು ಹಿಂದಿರುಗಿದರೆಂದೂ ಆಕೆ ಗಂಡನಿಗೆ ಬರೆದರು.