ತಂತಿಯೋ, ವೈಫೈಯೋ?



ಬೆಳೆ ವಿಮೆಯ ಕೊನೆಯ ದಿನ ಕಂಪ್ಯೂಟರಿಗೆ ಜಾಲ ಸಿಗದೆ ಹತ್ತಾರು ಮಂದಿ ಬರಿಗೈಯಲ್ಲಿ ಮರಳಿದ್ದನ್ನು ನಾನೇ ಕಂಡಿದ್ದೇನೆ. ಹೊರಗಿನ ಲೈನು ಸರಿಯಾಗಿಯೇ ಇತ್ತು. ಸೋತದ್ದು ಕಚೇರಿಯೊಳಗಿನ ವೈಫೈ. ಭಾರತ್‌ನೆಟ್ಟಿನ ಗಾಜಿನೆಳೆ ಪಂಚಾಯಿತಿಯ ಬಾಗಿಲಿಗೆ ಬಂದರೆ ಸಾಲದು, ಒಳಗಿನ ಏರ್ಪಾಡೂ ನೆಟ್ಟಗಿರಬೇಕು.

ವೈಫೈ ಎಂದರೆ ರೇಡಿಯೋ ಅಲೆ. ನಮ್ಮ ಬಗದಲ್ ಕಡೆಯ ದಪ್ಪ ಕೆಂಪುಕಲ್ಲಿನ ಗೋಡೆ ಅದನ್ನು ಕುಗ್ಗಿಸುತ್ತದೆ. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ದಾಟುವ ಬಲ ಕಡಿಮೆ, 2.4ರದು ನಿಧಾನ, ಆದರೆ ದೂರ ಮುಟ್ಟುತ್ತದೆ. ಮೊಬೈಲಿಗೆ ಇದು ಸಾಕು.

ಅರ್ಜಿ ತುಂಬುವ ಕಂಪ್ಯೂಟರಿಗೆ ಮಾತ್ರ ರೌಟರಿನಿಂದ ನೇರವಾಗಿ ಈಥರ್ನೆಟ್ ತಂತಿ ಎಳೆಯಿರಿ. ಅದರ ಮಿತಿ 100 ಮೀಟರು. ಇನ್ನೂ ದೂರವಾದರೆ ನಡುವೆ ಒಂದು ಸ್ವಿಚ್ ಬೇಕು. ರೌಟರನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ (ಹಾಕುವವರಿದ್ದಾರೆ!). ತಂತಿಯನ್ನು ಪೈಪಿನೊಳಗೆ ಹಾಯಿಸಿರಿ, ಇಲಿ ಕಡಿಯುತ್ತದೆ.