0800, 0300, 0845: ಕರೆಯ ಖರ್ಚು ಯಾರ ತಲೆಗೆ?



ಯು.ಕೆ.ಗೆ ಹೊಸದಾಗಿ ಬಂದ ನಮ್ಮವರು ಮೊದಲ ತಿಂಗಳು ಮಾಡುವ ಕರೆಗಳೆಲ್ಲ ಹೆಚ್ಚುಕಡಿಮೆ ಆಫೀಸುಗಳಿಗೇ. ಬ್ಯಾಂಕು, ಗ್ಯಾಸು, ಕೌನ್ಸಿಲ್, ಬ್ರಾಡ್‌ಬ್ಯಾಂಡ್. ಕೈಯಲ್ಲಿ ಹತ್ತು ಪೌಂಡಿನ ಪ್ರೀಪೇಯ್ಡ್ ಸಿಮ್, "ಅನ್‌ಲಿಮಿಟೆಡ್ ಮಿನಿಟ್ಸ್ ಇದೆಯಲ್ಲ" ಎಂಬ ಧೈರ್ಯ. ಇಪ್ಪತ್ತು ನಿಮಿಷ ಸಂಗೀತ ಕೇಳಿ ಕಾದು, ಇನ್ನೇನು ಮಾತು ಶುರುವಾಗಬೇಕು ಎನ್ನುವಾಗ ದುಡ್ಡು ಮುಗಿದು ಕರೆ ಕಟ್! ಕಾರಣ ಹುಡುಕಬೇಕಾದದ್ದು ಆ ನಂಬರಿನ ಮೊದಲ ಅಂಕಿಗಳಲ್ಲಿ.

ಮೊದಲು 0800 ಮತ್ತು 0808. ಈ ನಂಬರುಗಳು ಯಾವ ಊರಿಗೂ ಸೇರಿದ್ದಲ್ಲ. ನಾವು ಸಾಫ್ಟ್‌ವೇರಿನವರು ಪಾಯಿಂಟರ್ ಅನ್ನುತ್ತೇವಲ್ಲ, ಅದೇ ತರಹ. ನೀವು ಡಯಲ್ ಮಾಡಿದಾಗ ನೆಟ್‌ವರ್ಕ್ ಒಂದು ಪಟ್ಟಿ ನೋಡಿ, ಅದರ ಹಿಂದಿರುವ ನಿಜವಾದ ನಂಬರಿಗೆ ಕರೆಯನ್ನು ತಿರುಗಿಸುತ್ತದೆ. ಹಗಲು ಲೀಡ್ಸ್, ರಾತ್ರಿ ಇನ್ನೆಲ್ಲೋ, ಹೇಗೆ ಬೇಕಾದರೂ ಇಡಬಹುದು. ಲೆಕ್ಕವೂ ಉಲ್ಟಾ: ಸಾಮಾನ್ಯ ಕರೆಯಲ್ಲಿ ನಿಮ್ಮ ಫೋನ್ ಕಂಪನಿ ಆ ಕಡೆಯ ಕಂಪನಿಗೆ ದುಡ್ಡು ಕೊಡುತ್ತದೆ, ಇಲ್ಲಿ ಆ ಕಡೆಯವರು ನಿಮ್ಮ ಕಂಪನಿಗೆ ಕೊಟ್ಟು, ಅದನ್ನು ವ್ಯಾಪಾರಿಯಿಂದ ವಸೂಲು ಮಾಡುತ್ತಾರೆ. ಹಿಂದೆ ಮೊಬೈಲಿನಿಂದ ಮಾಡಿದರೆ ಇದಕ್ಕೂ ಚಾರ್ಜ್ ಬೀಳುತ್ತಿತ್ತು. 2015ರ ಜುಲೈ 1ರಿಂದ ಮೊಬೈಲಿಗೂ ಪೂರ್ತಿ ಉಚಿತ.

ತೊಂದರೆ ಇರುವುದು 084 ಮತ್ತು 087ರಲ್ಲಿ. ಒಂದು ಕಾಲದಲ್ಲಿ 0845ನ್ನು "ಲೋಕಲ್ ರೇಟ್" ಎಂದು ಕರೆಯುತ್ತಿದ್ದರು, ಆ ಹೆಸರು ಇನ್ನೂ ಕೆಲವರ ಬಾಯಲ್ಲಿದೆ. ಈಗ ಈ ಕರೆಗೆ ಎರಡು ಚಾರ್ಜ್. ಸರ್ವೀಸ್ ಚಾರ್ಜ್ ಆ ಕಡೆಯವರಿಗೆ: 084ಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 7 ಪೆನ್ಸ್, 087ಕ್ಕೆ 13 ಪೆನ್ಸ್. ಆಕ್ಸೆಸ್ ಚಾರ್ಜ್ ನಿಮ್ಮ ಫೋನ್ ಕಂಪನಿಗೆ, ಅದು ಕೆಲವು ಮೊಬೈಲ್ ಪ್ಲಾನ್‌ಗಳಲ್ಲಿ ನಿಮಿಷಕ್ಕೆ 50 ಪೆನ್ಸ್ ದಾಟುತ್ತದೆ. ನಿಮ್ಮದು 55 ಪೆನ್ಸ್ ಎಂದಿಟ್ಟುಕೊಳ್ಳಿ. 084 ನಂಬರಿಗೆ ಇಪ್ಪತ್ತು ನಿಮಿಷ ಕಾದರೆ 12 ಪೌಂಡ್ 40 ಪೆನ್ಸ್. ಅದರಲ್ಲಿ ಆ ಕಡೆಗೆ ಹೋಗುವುದು 1 ಪೌಂಡ್ 40 ಮಾತ್ರ, ಮಿಕ್ಕ 11 ಪೌಂಡ್ ನಿಮ್ಮದೇ ಮೊಬೈಲ್ ಕಂಪನಿಯ ಜೇಬಿಗೆ! ಬೈಯುವುದಾದರೆ ಯಾರನ್ನು ಬೈಯಬೇಕೆಂದು ಗೊತ್ತಿರಲಿ.

ಕಾನೂನು ನಮ್ಮ ಪರವಾಗಿದೆ. ನೀವು ಈಗಾಗಲೇ ಗ್ರಾಹಕರಾಗಿದ್ದರೆ, ನಿಮ್ಮ ಒಪ್ಪಂದದ ಬಗ್ಗೆ ಮಾತಾಡಲು ಅಂಗಡಿ ಅಥವಾ ಕಂಪನಿ ಸಾಧಾರಣ ದರದ ನಂಬರನ್ನೇ ಕೊಡಬೇಕು ಎಂಬ ನಿಯಮ 2014ರ ಜೂನ್ 13ರಂದು ಜಾರಿಗೆ ಬಂತು. ಬ್ಯಾಂಕು, ವಿಮೆಯವರಿಗೆ ಅದೇ ಬಗೆಯ ನಿಯಮ 2015ರ ಅಕ್ಟೋಬರ್‌ನಲ್ಲಿ ಬಂತು. ಹಾಗಾಗಿ ಕಂಪನಿಯ ವೆಬ್‌ಸೈಟಿನಲ್ಲಿ 01, 02, 03 ಅಥವಾ 0800 ನಂಬರ್ ಸಾಮಾನ್ಯವಾಗಿ ಇರುತ್ತದೆ, ಸ್ವಲ್ಪ ಹುಡುಕಬೇಕು ಅಷ್ಟೆ. ಗೂಗಲ್‌ನಲ್ಲಿ ಮೇಲೆ ಕಂಡ ನಂಬರನ್ನೇ ಒತ್ತಬೇಡಿ. ಬ್ಯಾಂಕಿನ ಹೆಸರು ತೋರಿಸಿ, 084, 087 ಅಥವಾ 09 ನಂಬರಿನ ಮೂಲಕ ಕರೆಯನ್ನು ಅದೇ ಬ್ಯಾಂಕಿಗೆ ದಾಟಿಸಿ ನಡುವೆ ದುಡ್ಡು ಮಾಡುವವರು ಇದ್ದಾರೆ. 09ಕ್ಕೆ ಸರ್ವೀಸ್ ಚಾರ್ಜ್ ನಿಮಿಷಕ್ಕೆ 3 ಪೌಂಡ್ 60ರವರೆಗೂ ಹೋಗಬಹುದು. ಇಲ್ಲಿಗೆ ಬಂದಿರುವ ಅಪ್ಪ ಅಮ್ಮಂದಿರಿಗೂ ಇದನ್ನು ಹೇಳಿಡಿ, ಮನೆಯಲ್ಲಿ ಒಬ್ಬರೇ ಇರುವಾಗ ಫೋನ್ ಮಾಡುವವರು ಅವರೇ.

ನಮ್ಮಲ್ಲಿ ಕ್ಯಾಟರಿಂಗ್, ಟ್ಯೂಷನ್, ಅಕೌಂಟ್ಸ್ ಕೆಲಸ ಮಾಡುವವರು ಯಾವ ನಂಬರ್ ತೆಗೆದುಕೊಳ್ಳಬೇಕು? 0800 ನೋಡಲು ಚೆಂದ, ಆದರೆ ಬಂದ ಪ್ರತಿ ಕರೆಗೂ ಮೀಟರ್ ಓಡುವುದು ನಿಮ್ಮ ಮನೆಯಲ್ಲಿ, ಮೊಬೈಲಿನಿಂದ ಬಂದರೆ ಇನ್ನೂ ಜೋರು. "ಇಡ್ಲಿಗೆ ಸಾಂಬಾರ್ ಎಷ್ಟು ಕೊಡ್ತೀರಿ?" ಎಂದು ಅರ್ಧ ಗಂಟೆ ವಿಚಾರಿಸುವವರ ಖರ್ಚೂ ನಿಮ್ಮದೇ! ನನ್ನ ಮಟ್ಟಿಗೆ 03 ನಂಬರ್ ವಾಸಿ. ಕರೆ ಮಾಡುವವರಿಗೆ ಅದು 01, 02ರ ದರವೇ, ಅವರ ಉಚಿತ ನಿಮಿಷಗಳಲ್ಲೂ ಸೇರುತ್ತದೆ. ಒಂದೇ ಊರಿನ ವ್ಯಾಪಾರವಾದರೆ ಊರಿನ ನಂಬರೇ ಸಾಕು.

ಇಂಡಿಯಾದಲ್ಲಿ 1800 ಉಚಿತ, 1860ಕ್ಕೆ ಕರೆ ಮಾಡುವವರು ಲೋಕಲ್ ಚಾರ್ಜ್ ಕೊಡಬೇಕು, ಮಿಕ್ಕದ್ದು ಕಂಪನಿಯದು. ಇವೆರಡೂ ದೇಶದೊಳಗಿನ ವ್ಯವಸ್ಥೆ, ಇಲ್ಲಿಂದ ಮಾಡಿದರೆ ಸಾಮಾನ್ಯವಾಗಿ ಹೋಗುವುದೇ ಇಲ್ಲ. ಎನ್ಆರ್‌ಐ ಖಾತೆ ಇರುವವರು ಕಾರ್ಡ್ ಕಳೆದ ರಾತ್ರಿ ಇದನ್ನು ಕಂಡುಕೊಳ್ಳುವುದು ಬೇಡ. ಬ್ಯಾಂಕ್ ಹೊರದೇಶದವರಿಗೆಂದು ಕೊಟ್ಟಿರುವ +91 ನಂಬರನ್ನು ಇವತ್ತೇ ಫೋನಿನಲ್ಲಿ ಸೇವ್ ಮಾಡಿಡಿ, ಒಂದು ಚೀಟಿಯಲ್ಲೂ ಬರೆದಿಡಿ, ಕಳೆದುಹೋಗುವಾಗ ಪರ್ಸಿನ ಜೊತೆ ಫೋನೂ ಹೋಗಿರಬಹುದು.