ಮನೆಯಿಲ್ಲದ ಮಕ್ಕಳ ಮನಸ್ಸು

ಅನ್ನ, ಬಟ್ಟೆ, ಮನೆ ಈ ಮೂರೂ ಮನುಷ್ಯನ ಮೂಲಭೂತ ಆವಶ್ಯಕತೆಗಳೆಂದು ನಾವು ಪ್ರಾಥಮಿಕ ತರಗತಿಗಳಲ್ಲಿಯೇ ಓದುತ್ತೇವೆ. ಅನ್ನವಿಲ್ಲದಿದ್ದರೆ ದೇಹ ಸೊರಗುವುದೆಂಬುದನ್ನೂ ಬಟ್ಟೆಯಿಲ್ಲದಿದ್ದರೆ ಮಾನ ಹೋಗುವುದೆಂಬುದನ್ನೂ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಿಲ್ಲದಿದ್ದರೆ ಏನಾಗುವುದು? ಮಳೆಯಲ್ಲಿ ತೊಯ್ಯಬೇಕು, ಬಿಸಿಲಿನಲ್ಲಿ ಬೇಯಬೇಕು ಎಂದು ಉತ್ತರ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಮನೆಯಿಲ್ಲದೆ ಬೆಳೆಯುವ ಎಳೆಯರ ಮನಸ್ಸು ಏನಾಗುವುದೆಂದು ವಿಚಾರಿಸುವವರು ವಿರಳ. ನಮ್ಮ ವಿದ್ಯಾರ್ಥಿಗಳು ದಿನವೂ ಶಾಲೆಗೆ ನಡೆದು ಬರುವ ಹಾದಿಯಲ್ಲಿಯೇ ಈ ಪ್ರಶ್ನೆಯು ಗೋಣಿಚೀಲವನ್ನು ಹೊದ್ದು ಮಲಗಿರುತ್ತದೆ. ಆದುದರಿಂದ ಅದನ್ನು ಕುರಿತು ಕೊಂಚ ವಿಚಾರ ಮಾಡುವುದು ಅಪ್ರಸ್ತುತವಾಗಲಾರದು.

ಮನೆಯಿಲ್ಲದವರು ಯಾರು?

2011ರ ಜನಗಣತಿಯಲ್ಲಿ ನಮ್ಮ ದೇಶದ ಮನೆಯಿಲ್ಲದವರ ಸಂಖ್ಯೆ ಸುಮಾರು 17 ಲಕ್ಷ 73 ಸಾವಿರವೆಂದು ದಾಖಲಾಗಿದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಗರಗಳಲ್ಲಿದ್ದವರು. ಬಾಗಿಲಿಲ್ಲದವರ ಬಾಗಿಲು ತಟ್ಟಿ ಎಣಿಸುವುದು ಸಾಧ್ಯವಲ್ಲವಾದುದರಿಂದ, ನಿಜವಾದ ಸಂಖ್ಯೆಯು ಇದಕ್ಕಿಂತ ಹೆಚ್ಚೆಂದು ಈ ಕ್ಷೇತ್ರದಲ್ಲಿ ದುಡಿಯುವವರು ಹೇಳುತ್ತಾರೆ.

ಮುಂಬಯಿಯಂತಹ ನಗರದ ಬೀದಿಯಲ್ಲಿ ಕಾಣುವ ಎಳೆಯರನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ತಾಯಿತಂದೆಯರೊಡನೆ ಕಾಲುಹಾದಿಯಲ್ಲಿಯೇ ಸಂಸಾರ ಹೂಡಿದವರು ಮೊದಲನೆಯ ಬಗೆ. ಹಗಲೆಲ್ಲ ಸಿಗ್ನಲುಗಳಲ್ಲಿ ಹೂವು, ಪೆನ್ನು ಮಾರಿ ರಾತ್ರಿ ಯಾವುದಾದರೂ ಜೋಪಡಿಗೆ ಮರಳುವವರು ಎರಡನೆಯ ಬಗೆ. ಮನೆಯವರ ಸಂಬಂಧವನ್ನೇ ಕಡಿದುಕೊಂಡು ರೈಲು ನಿಲ್ದಾಣಗಳಲ್ಲಿಯೂ ಮೇಲ್ಸೇತುವೆಗಳ ಕೆಳಗೂ ಒಂಟಿಯಾಗಿ ಅಥವಾ ಗುಂಪಾಗಿ ಬದುಕುವವರು ಮೂರನೆಯ ಬಗೆ. ಇವರಲ್ಲದೆ, ಬಾಲಗೃಹಗಳಲ್ಲಿ ಬೆಳೆದು 18 ವರ್ಷ ತುಂಬಿದೊಡನೆ ಹೊರಬಂದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಲ್ಲುವ ತರುಣ ತರುಣಿಯರೂ ಉಂಟು.

ಮಕ್ಕಳು ಮನೆ ಬಿಡುವುದೇಕೆ? ಬಡತನವೊಂದನ್ನೇ ಕಾರಣವೆಂದು ಹೇಳಿದರೆ ಸಾಲದು. ಬಡವರ ಮಕ್ಕಳಲ್ಲಿ ಬಹುಮಂದಿ ಮನೆಯಲ್ಲಿಯೇ ಇರುತ್ತಾರೆ. ಕುಡಿತದ ಹೊಡೆತ, ಹೇಳಿಕೊಳ್ಳಲಾಗದ ದೌರ್ಜನ್ಯ, ಹೆತ್ತವರ ಮರಣ, ಪರೀಕ್ಷೆಯಲ್ಲಿ ನಪಾಸಾದ ಭಯ, ಚಲಚ್ಚಿತ್ರದ ನಗರದ ಆಕರ್ಷಣೆ ಇವೆಲ್ಲ ಬಡತನದೊಡನೆ ಸೇರಿಕೊಳ್ಳುತ್ತವೆ. ಮನೆಯ ಭಯವು ಬೀದಿಯ ಭಯಕ್ಕಿಂತ ಹೆಚ್ಚಾದ ದಿನ ಮಗುವು ರೈಲು ಹತ್ತುತ್ತದೆ.

ಮನಸ್ಸಿಗೆ ಏನಾಗುತ್ತದೆ?

ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಅಸಂಖ್ಯ ಮಕ್ಕಳು ಮನೆಮಠ ಕಳೆದುಕೊಂಡರು. ಅಂತಹ ಮಕ್ಕಳ ಕ್ಷೇಮಕ್ಕಾಗಿ ವಿಶ್ವಸಂಸ್ಥೆಯು ಕೈಗೊಂಡ ಕಾರ್ಯದ ಅಂಗವಾಗಿ, ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿಯವರು ವಿಶ್ವ ಆರೋಗ್ಯ ಸಂಸ್ಥೆಗೆ ಒಂದು ವರದಿಯನ್ನು ಬರೆದುಕೊಟ್ಟರು. 1951ರಲ್ಲಿ ಪ್ರಕಟವಾದ ಆ ವರದಿಯ ಸಾರಾಂಶವಿಷ್ಟು: ಎಳೆಯ ಮಗುವಿಗೆ ತಾಯಿಯೊಡನೆ, ಅಥವಾ ತಾಯಿಯ ಸ್ಥಾನದಲ್ಲಿ ಸ್ಥಿರವಾಗಿ ನಿಂತವರೊಡನೆ, ಎಡೆಬಿಡದ ವಾತ್ಸಲ್ಯದ ಸಂಬಂಧವು ಇರಬೇಕು, ಅದು ತಪ್ಪಿದರೆ ಮನಸ್ಸಿನ ಬೆಳವಣಿಗೆ ಕುಂಠಿತವಾಗುವ ಅಪಾಯವುಂಟು. ಆ ಸ್ಥಾನದಲ್ಲಿ ತಂದೆಯೋ ಅಜ್ಜಿಯೋ ಇರಬಹುದೆಂದೂ, ತಡವಾಗಿ ದೊರೆತ ಪ್ರೀತಿಯೂ ನಿಷ್ಪ್ರಯೋಜಕವಲ್ಲವೆಂದೂ ಅನಂತರದ ಸಂಶೋಧಕರು ತಿದ್ದುಪಡಿ ಮಾಡಿದ್ದಾರೆ. ಮೂಲ ತತ್ತ್ವವಾದರೋ ಇಂದಿಗೂ ನಿಂತಿದೆ.

ಮನೆಯೆಂದರೆ ಕೇವಲ ನಾಲ್ಕು ಗೋಡೆಗಳಲ್ಲ. ಕದವಿಕ್ಕಿ ನಿಶ್ಚಿಂತೆಯಿಂದ ಕಣ್ಣು ಮುಚ್ಚಬಹುದಾದ ಸ್ಥಳವೇ ಮನೆ. ಬೀದಿಯಲ್ಲಿ ಮಲಗುವ ಹುಡುಗನಿಗೆ ಈ ನಿಶ್ಚಿಂತೆಯಿಲ್ಲ. ಪೋಲೀಸಿನವನ ಲಾಠಿ, ದೊಡ್ಡ ಹುಡುಗರ ಹೊಡೆತ, ಕಳ್ಳತನ, ಅಪರಿಚಿತರ ದುರುದ್ದೇಶ ಇವುಗಳಿಗೆ ಹೆದರಿ ಅವನು ಅರೆಗಣ್ಣು ತೆರೆದೇ ಮಲಗುತ್ತಾನೆ. ಹುಡುಗಿಯ ಪಾಲಿಗಂತೂ ರಾತ್ರಿಯು ಇನ್ನೂ ಕಠಿಣವಾದುದು. ಹದಿಹರೆಯದವರಿಗೆ ಪ್ರತಿರಾತ್ರಿ 8ರಿಂದ 10 ಗಂಟೆಗಳ ನಿದ್ರೆ ಅವಶ್ಯವೆಂದು ವೈದ್ಯರು ಹೇಳುತ್ತಾರೆ. ವರ್ಷಗಟ್ಟಲೆ ಆ ನಿದ್ರೆ ದೊರೆಯದಿದ್ದರೆ ನೆನಪಿನ ಶಕ್ತಿ ಕುಗ್ಗುತ್ತದೆ. ಸಿಟ್ಟು ಬೇಗನೆ ಏರುತ್ತದೆ. ಮನಸ್ಸಿಗೆ ಜಡತ್ವವು ಕವಿಯುತ್ತದೆ.

ಅಪಾಯವನ್ನು ಕಂಡಾಗ ಎದೆ ಬಡಿದುಕೊಳ್ಳುವುದು, ಮೈ ಬಿಗಿಯುವುದು ಪ್ರಕೃತಿಯೇ ಇತ್ತ ರಕ್ಷಣೆ. ಅಪಾಯ ಕಳೆದೊಡನೆ ದೇಹವು ಶಾಂತವಾಗಬೇಕು. ಆದರೆ ಅಪಾಯವು ಕಳೆಯದಿದ್ದರೆ? ಆಗ ಆ ಎಚ್ಚರಿಕೆಯ ಗಂಟೆಯು ನಿಲ್ಲದೆ ಬಾರಿಸುತ್ತಲೇ ಇರುತ್ತದೆ. ಸಣ್ಣ ಸದ್ದಿಗೂ ಬೆಚ್ಚುವುದು, ಹಳೆಯ ಘಟನೆಗಳು ಕನಸಿನಲ್ಲಿ ಮರುಕಳಿಸುವುದು, ಯಾರನ್ನೂ ನಂಬದಿರುವುದು, ತನ್ನ ಬಾಳಿಗೆ ಬೆಲೆಯಿಲ್ಲವೆಂದು ಬಗೆಯುವುದು ಇವೆಲ್ಲ ಅದರ ಫಲಗಳು. ಆತಂಕ, ಖಿನ್ನತೆ, ಆಘಾತೋತ್ತರ ಒತ್ತಡ ಎಂದು ವೈದ್ಯರು ಇವುಗಳನ್ನು ಹೆಸರಿಸುತ್ತಾರೆ. ಹಸಿವನ್ನೂ ಭಯವನ್ನೂ ಮರೆಯಲು ಕೆಲವು ಮಕ್ಕಳು ಅಂಟು ಅಥವಾ ತಿದ್ದುದ್ರವವನ್ನು ಬಟ್ಟೆಯಲ್ಲಿ ಹಾಕಿ ಮೂಸುತ್ತಾರೆ. ದಾರಿಹೋಕರ ಕಣ್ಣಿಗೆ ಅದು ದುಶ್ಚಟ. ಆ ಮಗುವಿಗಾದರೋ ಅದು ತಾನೇ ಕಂಡುಕೊಂಡ ಔಷಧ. ರೋಗಕ್ಕಿಂತಲೂ ಕೇಡಿನ ಔಷಧ.

ಕಾರಣವು ಹಿಂದುಮುಂದಾಗುವುದೂ ಉಂಟು. ದೀರ್ಘಕಾಲದ ಮನೋರೋಗಗಳಲ್ಲಿ ಹೆಚ್ಚಿನವು ಹದಿಹರೆಯದಲ್ಲಿ ಇಲ್ಲವೆ ತಾರುಣ್ಯದ ಆರಂಭದಲ್ಲಿ ಮೊಳೆಯುತ್ತವೆ. ರೋಗವನ್ನು ಮನೆಯವರು ಅರಿಯದೆ ಹೋದರೆ ರೋಗಿಯು ಮನೆಬಿಟ್ಟು ಅಲೆಯುತ್ತಾನೆ. ಮುಂಬಯಿಯ ಮನೋವೈದ್ಯ ದಂಪತಿಗಳಾದ ಡಾ. ಭರತ್ ವಾಟ್ವಾನಿ ಮತ್ತು ಡಾ. ಸ್ಮಿತಾ ವಾಟ್ವಾನಿಯವರು ಒಮ್ಮೆ ತೆಂಗಿನ ಚಿಪ್ಪಿನಲ್ಲಿ ಚರಂಡಿಯ ನೀರನ್ನು ಮೊಗೆದು ಕುಡಿಯುತ್ತಿದ್ದ ತರುಣನನ್ನು ಕಂಡು ಚಿಕಿತ್ಸೆಗೆ ಕರೆದೊಯ್ದರು. ಗುಣಮುಖನಾದ ಮೇಲೆ ತಿಳಿದುಬಂದುದೇನೆಂದರೆ, ಅವನು ಆಂಧ್ರಪ್ರದೇಶದ ಒಬ್ಬ ವಿದ್ಯಾವಂತ! ಇಂತಹ ಅನುಭವಗಳಿಂದ 1988ರಲ್ಲಿ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನವು ಹುಟ್ಟಿತು. ಅದು ಸಾವಿರಾರು ಜನರನ್ನು ಅವರವರ ಊರಿಗೆ ಮುಟ್ಟಿಸಿದೆ. ಡಾ. ಭರತ್ ವಾಟ್ವಾನಿಯವರಿಗೆ 2018ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯು ಲಭಿಸಿತು.

ಇಷ್ಟನ್ನು ಓದಿ, ಬೀದಿಯ ಮಕ್ಕಳೆಲ್ಲರೂ ಮನೋರೋಗಿಗಳೆಂದು ತಿಳಿಯಬಾರದು. ಒಂದು ರೊಟ್ಟಿಯನ್ನು ನಾಲ್ವರು ಹಂಚಿಕೊಳ್ಳುವ ಸ್ನೇಹ, ನಾಲ್ಕಾರು ಭಾಷೆಗಳಲ್ಲಿ ವ್ಯವಹರಿಸುವ ಚಾತುರ್ಯ, ಕಿರಿಯರನ್ನು ಕಾಯುವ ಹೊಣೆಗಾರಿಕೆ ಇವೆಲ್ಲ ಆ ಮಕ್ಕಳಲ್ಲಿ ಧಾರಾಳವಾಗಿವೆ. ನೆರವು ನೀಡುವವರು ಕಟ್ಟಬೇಕಾದುದು ಈ ಅಡಿಪಾಯದ ಮೇಲೆ.

ನಮ್ಮವರ ಇತಿಹಾಸದಿಂದ ಒಂದು ಪಾಠ

ಮುಂಬಯಿ ಕನ್ನಡಿಗರಿಗೆ ಈ ವಿಷಯವು ಪರಕೀಯವಲ್ಲ. ಕಳೆದ ಶತಮಾನದಲ್ಲಿ ದಕ್ಷಿಣ ಕನ್ನಡದ ಹಳ್ಳಿಗಳಿಂದ ಎಷ್ಟೋ ಬಾಲಕರು ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಅಲ್ಲಿಯೇ ಬೆಂಚುಗಳನ್ನು ಜೋಡಿಸಿ ಮಲಗಿದರು. ಎಳೆಯ ಮಕ್ಕಳನ್ನು ಹಾಗೆ ದುಡಿಸಿದುದು ಹೊಗಳತಕ್ಕ ಸಂಗತಿಯಲ್ಲ. ಇಂದು ಅದು ಕಾನೂನಿಗೂ ವಿರುದ್ಧ. ಆದರೂ ಅವರಲ್ಲಿ ಅನೇಕರು ಬೀದಿಪಾಲಾಗದೆ ಉಳಿದು, ಕಲಿತು, ಮುಂದೆ ಬಂದರು. ಅದಕ್ಕೆ ಕಾರಣಗಳು ಮೂರು: ತಲೆಯ ಮೇಲೆ ಒಂದು ಸೂರು, ಹೆಸರು ಹಿಡಿದು ಕರೆಯುವ ಊರಿನ ಹಿರಿಯರೊಬ್ಬರು, ಮತ್ತು ಕನ್ನಡ ಸಂಘಸಂಸ್ಥೆಗಳು ನಡೆಸಿದ ರಾತ್ರಿಶಾಲೆ. ದಣಿದು ಬಂದ ಹುಡುಗನಿಗೆ ಆ ಶಾಲೆಯು ಅಕ್ಷರವನ್ನು ಮಾತ್ರ ಕಲಿಸಲಿಲ್ಲ. ‘ನೀನು ನಮ್ಮವನು’ ಎಂಬ ಭರವಸೆಯನ್ನೂ ಕೊಟ್ಟಿತು. ಮನೋವಿಜ್ಞಾನಿಗಳು ಇಂದು ಬೀದಿಯ ಮಕ್ಕಳಿಗೆ ಬೇಕೆಂದು ಹೇಳುವುದೂ ಇದನ್ನೇ: ಸುರಕ್ಷಿತ ವಸತಿ, ನಂಬತಕ್ಕ ಒಬ್ಬ ಹಿರಿಯ, ನಾಳೆಯ ಕುರಿತು ಒಂದು ಆಸೆ.

ಕಾನೂನು ಮತ್ತು ಸಂಸ್ಥೆಗಳು

ಮುಂಬಯಿಯ ಕಾಲುಹಾದಿವಾಸಿಗಳ ಪ್ರಕರಣದಲ್ಲಿ 1985ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಸೂಚನೆ ಕೊಟ್ಟು ಅವರನ್ನು ತೆರವು ಮಾಡಲು ನಗರಪಾಲಿಕೆಗೆ ಅವಕಾಶವಿತ್ತರೂ, ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನ ಅಂಗವೆಂದು ಸಾರಿತು. 2015ರ ಬಾಲನ್ಯಾಯ ಕಾಯಿದೆಯು ಮನೆಯಿಲ್ಲದ ಮಗುವನ್ನು ಅಪರಾಧಿಯೆನ್ನದೆ, ‘ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗು’ ಎಂದು ಕರೆಯುತ್ತದೆ. ಅಂತಹ ಮಗುವನ್ನು, ಪ್ರಯಾಣದ ಕಾಲವನ್ನುಳಿದು, 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಬಾಲಗೃಹದಿಂದ ಹೊರಬಂದವರಿಗೆ 21 ವರ್ಷ ತುಂಬುವವರೆಗೆ ನೆರವು ನೀಡಲು ಅದರಲ್ಲಿ ಅವಕಾಶವಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ ಪ್ರಕಾರ ಮನೆಯಿಲ್ಲದವರು ಬಡತನದ ಚೀಟಿಯನ್ನು ತೋರಿಸದೆಯೇ ಸರಕಾರಿ ವ್ಯವಸ್ಥೆಯಲ್ಲಿ ಉಚಿತ ಚಿಕಿತ್ಸೆಗೆ ಅರ್ಹರು. ಕಾನೂನು ಇಷ್ಟು ಉದಾರವಾಗಿದ್ದರೂ, ವಿಳಾಸವಿಲ್ಲದ ಮಗುವು ಆಸ್ಪತ್ರೆಯ ಬಾಗಿಲವರೆಗೆ ತಾನಾಗಿ ಹೋಗಲಾರದು. ನಡುವೆ ಒಬ್ಬರು ಕೈಹಿಡಿಯಬೇಕಾಗುತ್ತದೆ.

ಅಂತಹ ಕೈಗಳೂ ಇವೆ. ಮೀರಾ ನಾಯರ್ ಅವರ ‘ಸಲಾಂ ಬಾಂಬೆ’ ಚಿತ್ರದ ಫಲವಾಗಿ 1988ರಲ್ಲಿ ಆರಂಭವಾದ ಸಲಾಂ ಬಾಲಕ್ ಟ್ರಸ್ಟ್ ಮುಂಬಯಿ, ದಿಲ್ಲಿಗಳಲ್ಲಿ ದುಡಿಯುತ್ತಿದೆ. 1996ರಲ್ಲಿ ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಮೊದಲಾದ ಮಕ್ಕಳ ಸಹಾಯವಾಣಿ 1098, ಇಂದು ಸರಕಾರದ ಆಡಳಿತದಲ್ಲಿ ದೇಶವ್ಯಾಪಿಯಾಗಿದೆ. ಮಾನಸಿಕ ಕ್ಲೇಶದಲ್ಲಿರುವ ಯಾರೇ ಆಗಲಿ 14416 ಸಂಖ್ಯೆಯ ‘ಟೆಲಿ ಮಾನಸ್’ ಸೇವೆಗೆ ಕನ್ನಡದಲ್ಲಿಯೇ ಮಾತನಾಡಬಹುದು. 2022ರಲ್ಲಿ ಪ್ರಾರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮಾರ್ಗದರ್ಶಕ.

ವಿದ್ಯಾರ್ಥಿಗಳು ಮಾಡಬಹುದಾದುದೇನು?

ಆಪತ್ತಿನಲ್ಲಿರುವವರ ಮನಸ್ಸಿಗೆ ನೀಡತಕ್ಕ ಪ್ರಥಮ ಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆಯು ಮೂರು ಸೂತ್ರಗಳನ್ನು ಹೇಳಿದೆ: ನೋಡು, ಆಲಿಸು, ಜೋಡಿಸು. ಮೊದಲು ಪರಿಸ್ಥಿತಿಯನ್ನು ನೋಡಬೇಕು. ಉಪದೇಶ ಮಾಡದೆ ಆಲಿಸಬೇಕು. ಬಳಿಕ ನೆರವು ನೀಡಬಲ್ಲವರೊಡನೆ ಜೋಡಿಸಬೇಕು. ವಿದ್ಯಾರ್ಥಿಗಳು ಈ ಕಾರ್ಯವನ್ನು ಒಬ್ಬಂಟಿಯಾಗಿ ಕೈಗೊಳ್ಳದೆ ಮನೆಯ ಹಿರಿಯರಿಗೋ ಗುರುಗಳಿಗೋ ತಿಳಿಸಿ 1098ಕ್ಕೆ ಕರೆ ಮಾಡಬೇಕು. ಹರಕು ಬಟ್ಟೆಯವನನ್ನು ‘ಹುಚ್ಚ’ನೆಂದು ಕೂಗುವುದನ್ನೂ, ಅವನ ಚಿತ್ರ ತೆಗೆದು ನಗುವುದನ್ನೂ ಬಿಡುವುದಕ್ಕಂತೂ ಯಾರ ಅನುಮತಿಯೂ ಬೇಕಾಗಿಲ್ಲ.

ಇನ್ನೊಂದು ಮಾತು. ಮನೆಬಿಟ್ಟು ಹೋಗಬೇಕೆಂಬ ಯೋಚನೆಯು ನಮ್ಮ ತರಗತಿಯ ಬೆಂಚಿನ ಮೇಲೆ ಕುಳಿತವರ ಮನಸ್ಸಿನಲ್ಲಿಯೂ ಸುಳಿಯಬಹುದು. ಅಂಕಗಳು ಕಡಿಮೆ ಬಂದ ದಿನ, ಮನೆಯಲ್ಲಿ ಜಗಳವಾದ ದಿನ, ಹೇಳಬಾರದೆಂದು ಯಾರೋ ಬೆದರಿಸಿದ ದಿನ, ನಂಬಿಕೆಯುಳ್ಳ ಒಬ್ಬರ ಬಳಿ ಬಾಯಿಬಿಟ್ಟು ಹೇಳಿರಿ. ಮೊದಲನೆಯವರು ಕೇಳದಿದ್ದರೆ ಎರಡನೆಯವರಿಗೆ ಹೇಳಿರಿ. ಗೆಳೆಯನು ಇದ್ದಕ್ಕಿದ್ದಂತೆ ಮೌನವಾದರೆ ಕಾರಣವನ್ನು ವಿಚಾರಿಸಿರಿ. ಬೀದಿಗೆ ಹೋದ ಮಗುವನ್ನು ಹಿಂದಕ್ಕೆ ತರಲು ವರ್ಷಗಳು ಬೇಕಾಗುತ್ತವೆ. ಹೋಗುವ ಮುನ್ನ ತಡೆಯಲು ಎಷ್ಟೋ ಸಲ ಒಂದು ಸಂಜೆಯ ಮಾತು ಸಾಕಾಗುತ್ತದೆ.

ಅಭ್ಯಾಸಕ್ಕಾಗಿ

1. ಮನೆಯೆಂದರೆ ಕೇವಲ ನಾಲ್ಕು ಗೋಡೆಗಳಲ್ಲವೆಂಬ ಮಾತನ್ನು ಸಮರ್ಥಿಸಿರಿ.
2. ಮಕ್ಕಳು ಮನೆ ಬಿಡುವುದಕ್ಕೆ ಬಡತನವೊಂದೇ ಕಾರಣವಲ್ಲ. ಹೇಗೆ?
3. ನಿಮ್ಮ ಮನೆಯ ಅಥವಾ ನೆರೆಯ ಹಿರಿಯರಲ್ಲಿ ರಾತ್ರಿಶಾಲೆಯಲ್ಲಿ ಕಲಿತವರಿದ್ದರೆ, ಅವರ ಅನುಭವವನ್ನು ಕೇಳಿ ಬರೆದುಕೊಂಡು ಬನ್ನಿರಿ.